ಅಪ್ಪನ ಸವೆದ ಶೂ

“ಪಾಲಿಶ್ ಮಾಡಿ ಅಂದ್ರೆ ಸೋಲ್ ಯಾಕ್ರೀ ಕಿತ್ತಿದ್ದು?!”

ಲೈಬ್ರರಿಯಲ್ಲಿ ಯಾರಾದರೂ ಪುಟ ಮಗುಚಿದರೂ “ಶ್...” ಎನ್ನುವ ಹುಡುಗಿ ಅವಳು. ಇವತ್ತು ಅವಳ ಕೂಗಿಗೆ ಇಡೀ ಬೀದಿ ತಿರುಗಿ ನೋಡಿತು.

ಶೂ ರಿಪೇರಿಯವನು ಕಕ್ಕಾಬಿಕ್ಕಿಯಾದ. ಎರಡು ದಿನ ಕೂತು ಹೊಸ ಸೋಲ್ ಹೊಲಿದಿದ್ದ. ಹೊಗಳುತ್ತಾಳೆ ಅಂತ ಬೆಳಿಗ್ಗೆಯೇ ನೀಟಾಗಿ ತಲೆ ಬಾಚಿಕೊಂಡಿದ್ದ ಬೇರೆ!

“ಹಳೇದು ಪೂರ್ತಿ ಸವೆದಿತ್ತು ಮೇಡಂ... ನಿಮಗೆ ಖುಷಿ ಆಗ್ಲಿ ಅಂತ...”

“ಸವೆಸಿದ್ದು ನಮ್ಮಪ್ಪ ಕಣ್ರೀ! ಯುದ್ಧಕ್ಕೆ ಹೋದೋರು ಬರ್ಲೇ ಇಲ್ಲ. ಇದೊಂದೇ ಉಳಿದಿದ್ದು...”

ಅಪ್ಪ ಹೋದಾಗ ಅವಳಿಗೆ ಎಂಟು ತಿಂಗಳು. ಅಪ್ಪ ಹೇಗಿದ್ದರು ಅಂತ ಕೇಳಿದರೆ ಸಾಕು, ಅಮ್ಮ ಎದ್ದು ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು. ಇನ್ನು ಯಾರನ್ನು ಕೇಳುವುದು?

ಅವನು ಚರ್ಮದ ಚೂರುಗಳ ಮೂಟೆಗೆ ತಲೆ ತೂರಿಸಿದ. ಹತ್ತು ನಿಮಿಷದ ನಂತರ ಮೂಗಿಗೆ ಅಂಟು ಮೆತ್ತಿಕೊಂಡು ಹೊರಬಂದ. ಕೈಯಲ್ಲಿ ಎರಡೂ ಸೋಲ್!

ಕೊಡಲು ಹೋದವನು ತಡೆದು, ಬೆಳಕಿಗೆ ಹಿಡಿದು ನೋಡಿದ.

“ಹಿಮ್ಮಡಿ ಗಟ್ಟಿಯಾಗೇ ಇದೆ. ಬಲಗಾಲಿನ ತುದಿ ಮಾತ್ರ ತೇದು ಹೋಗಿದೆ. ನಿಮ್ಮಪ್ಪ ದಾರೀಲಿ ಕಲ್ಲು ಒದೀತಾ ನಡೀತಿದ್ರು.”

“ನಿಮಗೆ ಹೇಗೆ ಗೊತ್ತು?”

“ಇಂಥದ್ದು ನಾನು ಕಂಡಿರೋದು ಇನ್ನೊಂದೇ ಜೊತೆ.” ಅವನು ಅವಳ ಕಾಲು ನೋಡಿದ. “ವರ್ಷಕ್ಕೆ ನಾಲ್ಕು ಸಲ ಬಾಯಿ ಬಿಟ್ಕೊಂಡು ಬರುತ್ತಲ್ಲ... ನಿಮ್ಮದು!”

ಅಯ್ಯೋ, ಹೌದಲ್ಲ! ಕಲ್ಲು ಒದೆಯುವ ಅಪ್ಪನ ಕಾಲು ನನಗೆ ಬಂದಿದೆಯಾ?

ಅವಳು ಅವನ ತೋಳು ಹಿಡಿದು ದರದರ ಮನೆಗೆ ಎಳೆದುಕೊಂಡು ಹೋದಳು.

ಸೋಲ್ ನೋಡಿ, ವಿಷಯ ಕೇಳಿ ಅಮ್ಮ ಎದ್ದು ನಿಂತರು. ಪಾತ್ರೆ ತೊಳೆಯಲು ಹೊರಟರೇನೋ ಎಂದು ಮಗಳಿಗೆ ಭಯ. ಆದರೆ ಅಮ್ಮ ಕಿಸಕ್ಕನೆ ನಕ್ಕರು!

“ಮದುವೆಗೆ ಮುಂಚೆ ನನ್ನ ಮಾತಾಡಿಸೋಕೆ ಬಂದು, ಧೈರ್ಯ ಸಾಲದೆ ಬೀದೀಲಿ ಕಲ್ಲು ಒದ್ದು, ನಮ್ಮನೆ ಕಿಟಕಿ ಗಾಜು ಒಡೆದ್ರು ಕಣೇ. ಆಮೇಲೆ ಅದನ್ನ ಸರಿಮಾಡ್ತೀನಿ ಅಂತ ಆರು ಸಲ ಬಂದ್ರು. ಒಡೆದಿದ್ದು ಒಂದೇ ಗಾಜು!”

ಅಮ್ಮ ನಗುತ್ತಲೇ ಅತ್ತರು. ಮಗಳು ಅವರನ್ನು ತಬ್ಬಿಕೊಂಡಳು.

“ಇಷ್ಟು ವರ್ಷ ಯಾಕಮ್ಮಾ ಹೇಳ್ಲಿಲ್ಲ?”

“ಅತ್ತುಬಿಡ್ತೀನಿ ಅಂತ ಹೆದರಿದ್ದೆ. ನಗು ಬರುತ್ತೆ ಅಂತ ಗೊತ್ತಿರ್ಲಿಲ್ಲ.”

ಹೊರಡುವಾಗ ಅವನು ಬಾಗಿಲಲ್ಲಿ ತಡವರಿಸಿದ.

“ನಂದೂ ಒಂದು ತಪ್ಪಿದೆ... ನಿಮ್ಮ ಶೂ ಈ ವರ್ಷ ನಾಲ್ಕು ಸಲ ಕಿತ್ತು ಬಂತಲ್ಲ? ಅದ್ರಲ್ಲಿ ಎರಡು ಸಲ ಮಾತ್ರ ಕಲ್ಲಿಂದ.”

“ಇನ್ನೆರಡು?”

“ನಾನೇ ಅಂಟು ಕಡಿಮೆ ಹಾಕಿದ್ದೆ. ನೀವು ಬೇಗ ಮತ್ತೆ ಬರ್ಲಿ ಅಂತ... ನೀವಂದ್ರೆ ನಂಗೆ ತುಂಬಾ ಇಷ್ಟ.”

ಬೈಯಬೇಕೆಂದು ಬಾಯಿ ತೆರೆದಳು. ಬೈಗುಳ ಬರಲಿಲ್ಲ. ಅವಳಿಗೂ ಇವನು ಇಷ್ಟವಾಗಿದ್ದ, ಅದೂ ಇವತ್ತಿನಿಂದ ಅಲ್ಲ.

“ನಮ್ಮಪ್ಪ ಇದ್ದಿದ್ರೆ ಇದಕ್ಕೆ ಏನಂತಿದ್ರು ಗೊತ್ತಾ?”

“ಏ... ಏನಂತಿದ್ರು?”

“ನಂಗೂ ಗೊತ್ತಿಲ್ಲ. ನಾಳೆ ಬನ್ನಿ. ಅಮ್ಮನ್ನ ಇಬ್ರೂ ಸೇರಿ ಕೇಳೋಣ.”