ಸಂಬಳ ಕೇಳದ ಕಾವಲುಗಾರ

“ಬಾಗಿಲಿಗ್ಯಾಕ್ಲಾ ಎಣ್ಣೆ? ನಿನ್ನ ಭುಜಕ್ಕೆ ಹಚ್ಕೊ, ಹೋಗು” ಎಂದು ಚಿಕ್ಕಬೀರಪ್ಪ ಹೊಸ ಅಳಿಯನ ಎದುರಿಗೇ ಅಂದ ದಿನ ಶ್ರೀಧರನಿಗೆ ಕಳ್ಳತನದ ಯೋಚನೆ ಮೊದಲ ಸಲ ಬಂತು.

ಚಿಕ್ಕಬೀರಪ್ಪ ಅವನ ಸೋದರಮಾವ. ವಿಜಯಪುರದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕ ಇಟ್ಟುಕೊಂಡು, ವಾರಕ್ಕೊಮ್ಮೆ ನೂಲಿನ ಮೂಟೆಗಳನ್ನು ಪಕ್ಕದ ತಾಲ್ಲೂಕು ದೊಡ್ಡಬಳ್ಳಾಪುರದ ಮಗ್ಗದವರಿಗೆ ಒಯ್ಯುತ್ತಿದ್ದ. ಒಯ್ಯುತ್ತಿದ್ದದ್ದು ಯಾವುದೋ ಮಿಷನ್ ಆಸ್ಪತ್ರೆಯ ಹರಾಜಿನಲ್ಲಿ ಹಿಡಿದ, ಗುಂಡು ಮೂತಿಯ ಹಳೆಯ ಜರ್ಮನ್ ವ್ಯಾನಿನಲ್ಲಿ. ಅದರ ಡ್ರೈವರ್ ಶ್ರೀಧರ. ವ್ಯಾನಿನ ಎಡಮಗ್ಗುಲ ಬಾಗಿಲು ಹಿಂದಕ್ಕೆ ಜಾರುವಂಥದು. ಜಾರಬೇಕಾದ ಕೆಳಗಿನ ಟ್ರ್ಯಾಕು ಮಾತ್ರ ತುಕ್ಕು ಹಿಡಿದು ಹುತ್ತದಂತಾಗಿತ್ತು. ಭುಜ ಕೊಟ್ಟು ನೂಕಿದರೆ ಅಲ್ಲಾಡುತ್ತಿತ್ತು. ಅಲ್ಲಾಡಿದರೆ ಊರೆಲ್ಲ ತಿರುಗಿ ನೋಡುವಂತೆ ಅರಚುತ್ತಿತ್ತು. ಹನ್ನೆರಡು ವರ್ಷ ನೂಕಿ ನೂಕಿ ಶ್ರೀಧರನ ಎಡಗೈ ತಲೆ ಬಾಚಲೂ ಮೇಲೇಳದ ಸ್ಥಿತಿಗೆ ಬಂದಿತ್ತು.

“ಅದು ಅರಚ್ತದಲ್ಲ, ಅದೇ ಕಣಪ್ಪಾ ನನ್ನ ಕಾವಲುಗಾರ” ಎಂದು ಮಾವ ಅಳಿಯ ಹರಿಪ್ರಸಾದನಿಗೆ ವಿವರಿಸಿದ. “ಸಂಬಳ ಕೇಳಲ್ಲ, ಬೀಡಿ ಕೇಳಲ್ಲ. ನಾನು ಕಣ್ಮುಚ್ಕೊಂಡಿದ್ರೂ ಯಾರಾದ್ರೂ ಮುಟ್ಟಿದ್ರೆ ಗೊತ್ತಾಯ್ತದೆ.”

ಹರಿಪ್ರಸಾದ ನಕ್ಕ. ಆ ನಗು ಭುಜದ ನೋವಿಗಿಂತ ಆಳಕ್ಕೆ ಇಳಿಯಿತು. “ಘಟಕ ಯಾವತ್ತಿದ್ರೂ ನಿನ್ನ ಮಗನದೇ ಕಣಮ್ಮಾ” ಎಂದು ಶ್ರೀಧರನ ತಾಯಿ ಮುನಿರತ್ನಮ್ಮನಿಗೆ ದೇವರ ದೀಪದ ಮುಂದೆ ಮಾತು ಕೊಟ್ಟಿದ್ದವನು ಇದೇ ಮಾವ. ಈಗ ಘಟಕದ ಬೀಗದ ಕೈ ಹರಿಪ್ರಸಾದನ ಸೊಂಟದಲ್ಲಿತ್ತು. ಶ್ರೀಧರನ ಪಾಲಿಗೆ ಉಳಿದದ್ದು ಬಾಗಿಲು ನೂಕುವ ಕೆಲಸ.

ಒಂದೇ ಒಂದು ಲೋಡು ನೂಲು ಕೈಸೇರಿದರೆ ಸಾಕು, ತಾಯಿಯನ್ನು ಕರೆದುಕೊಂಡು ಸೇಲಂ ಕಡೆ ಹೋಗಿ ಸ್ವಂತಕ್ಕೆ ಎರಡು ಯಂತ್ರ ಹಾಕಬಹುದು ಎಂದು ಅವನು ಲೆಕ್ಕ ಹಾಕಿದ. ಕದಿಯುವುದು ಕಷ್ಟವಲ್ಲ, ಕದ್ದವನು ತಾನಲ್ಲವೆಂದು ತೋರಿಸುವುದು ಕಷ್ಟ. ಅದಕ್ಕೆ ಮಾವನಿಗಿಂತ ಒಳ್ಳೆಯ ಸಾಕ್ಷಿ ಯಾರಿದ್ದಾರೆ?

ದಾರಿಯಲ್ಲಿ ಕುಂದಾಣದ ಕಡೆಯ ಒಂದು ಕೆರೆ ಏರಿಯ ಏರಿನಲ್ಲಿ ಮುನೇಶ್ವರನ ಗುಡಿಯಿತ್ತು. ಅಲ್ಲಿ ವ್ಯಾನು ನಿಲ್ಲಿಸಿ ಕಾಯಿ ಒಡೆಯದೆ ಚಿಕ್ಕಬೀರಪ್ಪ ಮುಂದೆ ಹೋದವನಲ್ಲ. ಡ್ರೈವರೂ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಲ್ಲಬೇಕು, ಇಲ್ಲದಿದ್ದರೆ ಚಕ್ರಕ್ಕೆ ದೋಷವೆಂಬ ನಂಬಿಕೆ. ಎಡಗಡೆ ಜಾಲಿಯ ಪೊದೆ ದಟ್ಟವಾಗಿದ್ದುದರಿಂದ ಮಾವ ಯಾವಾಗಲೂ ಡ್ರೈವರ್ ಕಡೆಯಿಂದಲೇ ಇಳಿಯುತ್ತಿದ್ದ. ಕಣ್ಣು ಮುಚ್ಚಿ ಮಾವ ಸಂಕಲ್ಪ ಮುಗಿಸುವಷ್ಟರಲ್ಲಿ ಪೊದೆಯಿಂದ ಒಬ್ಬ ಎದ್ದು, ನೂಲಿನ ಮೂಟೆ ಇಳಿಸಿಕೊಂಡು, ಅದೇ ಗಾತ್ರದ ಹೊಟ್ಟಿನ ಮೂಟೆ ಒಳಗಿಟ್ಟರೆ? ಮೋಸ ತಿಳಿಯುವುದು ದೊಡ್ಡಬಳ್ಳಾಪುರದಲ್ಲಿ. ಕಳ್ಳತನವಾದಾಗ ಶ್ರೀಧರ ಎಲ್ಲಿದ್ದ? ಮಾವನ ಪಕ್ಕದಲ್ಲಿ, ಕೈಮುಗಿದುಕೊಂಡು.

ಅಡ್ಡಿ ಒಂದೇ: ಆ ಅರಚಾಟ.

ಪಿಲ್ಲಗುಂಪೆಯಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದ ಗೆಳೆಯ ವಸಂತ್ ಪೊದೆಯಲ್ಲಿ ಕೂರಲು ಒಪ್ಪಿದ. ಒಂದು ಖಾಲಿ ಶೆಡ್ಡನ್ನೂ ಗೊತ್ತು ಮಾಡಿದ. ಮಾವನ ಮನೆಯವರು ಬೀಗರ ಊರಿಗೆ ಬಸ್ಸಿನಲ್ಲಿ ಹೋಗಿದ್ದ ಶನಿವಾರ ಭಾನುವಾರ ಶ್ರೀಧರ ವ್ಯಾನನ್ನು ಅಲ್ಲಿಗೆ ಒಯ್ದ. ಬಾಗಿಲನ್ನು ಕಳಚಿ ಗೋಡೆಗೆ ಒರಗಿಸಿದ. ಸೀಮೆಎಣ್ಣೆ ಸುರಿದು, ಉಳಿಯಿಂದ ತುಕ್ಕಿನ ಪದರಗಳನ್ನು ಎಬ್ಬಿಸಿ, ತಂತಿ ಬ್ರಷ್ಷಿನಿಂದ ತಿಕ್ಕಿ, ಉಪ್ಪುಕಾಗದದಿಂದ ಉಜ್ಜಿದ. ತಿಂದುಹೋಗಿದ್ದ ಕಡೆ ಕತ್ತರಿಸಿ ಹೊಸ ಚಾನಲ್ ಬೆಸೆದ. ಸವೆದ ರೋಲರುಗಳನ್ನು ಬದಲಿಸಿ ಗ್ರೀಸು ತುಂಬಿದ. ಭಾನುವಾರ ಸಂಜೆ ಶೆಡ್ಡಿನ ಸಮತಟ್ಟು ನೆಲದ ಮೇಲೆ ನಿಂತ ವ್ಯಾನಿನ ಬಾಗಿಲನ್ನು ಕಿರುಬೆರಳಿನಿಂದ ತಳ್ಳಿದಾಗ ಅದು ನೀರಿನ ಮೇಲಿನ ಎಲೆಯಂತೆ ಸರಿದುಹೋಯಿತು.

“ಲೇ, ಏನ್ ಗುರು ಇದು! ಕಳ್ತನಕ್ಕೆ ಇಷ್ಟು ಚೆಂದದ ರಿಪೇರಿ ಬೇಕಾ?” ಎಂದ ವಸಂತ್. “ನೀನು ಗ್ಯಾರೇಜ್ ಇಟ್ಬಿಡು, ಕದಿಯೋದೇ ಬ್ಯಾಡ.”

“ಮುಚ್ಕೊಂಡ್ ಕೆಲ್ಸ ನೋಡು” ಎಂದ ಶ್ರೀಧರ. ಆದರೂ ಮುಖ ಅರಳಿತ್ತು.

ಹೊಸ ಕಬ್ಬಿಣದ ಹೊಳಪು ಕಣ್ಣಿಗೆ ಬೀಳದಂತೆ ಹಳೆಯ ಆಯಿಲ್‌ನಲ್ಲಿ ಕೆಮ್ಮಣ್ಣು ಕಲಸಿ ಟ್ರ್ಯಾಕಿನ ಅಂಚಿಗೆಲ್ಲ ಬಳಿದ. ತುಕ್ಕು ತೆಗೆದವನೇ ತುಕ್ಕನ್ನು ಬರೆದ. ಕೊನೆಗೆ ಒಂದು ತಗಡಿನ ಚೂರನ್ನು ಮಡಚಿ ಟ್ರ್ಯಾಕಿನ ಸಂದಿಗೆ ತುರುಕಿದ. ಬಾಗಿಲು ಬಿಗಿಯಾಗಿ, ಹಿಂದಿನ ದನಿಯಲ್ಲೇ ಅರಚಿತು. ಅರಚಿಸುವುದೂ ಸುಮ್ಮನಾಗಿಸುವುದೂ ಈಗ ಅವನ ಎರಡು ಬೆರಳಿನಲ್ಲಿತ್ತು. ಯಾವ ಪೊಲೀಸಿನವನ ತಲೆಗೂ ಇದು ಹೊಳೆಯಲಾರದೆಂದು ಅವನು ತೃಪ್ತಿಪಟ್ಟ.

ಬುಧವಾರ ಬೆಳಿಗ್ಗೆ ಮೂಟೆ ತುಂಬಿದ ಮೇಲೆ ಶ್ರೀಧರ ಮುಖ ಕಿವಿಚಿ, ಭುಜ ಕೊಟ್ಟು, ಬೇಕೆಂದೇ ಎರಡು ಸಲ ಏದುಸಿರು ಬಿಟ್ಟು ಬಾಗಿಲು ಮುಚ್ಚಿದ. ಅದು ಅರಚಿತು. ಚಿಕ್ಕಬೀರಪ್ಪ ಹಾಡು ಕೇಳಿದವನಂತೆ ತಲೆದೂಗಿ ಮುಂದಿನ ಸೀಟಿಗೆ ಹತ್ತಿದ. ಬೆನ್ನ ಹಿಂದೆ ಅವನೇ ಹಾಕಿಸಿದ್ದ ಪ್ಲೈವುಡ್ಡಿನ ಅಡ್ಡಗೋಡೆ. ನೂಲಿನ ಮೇಲೆ ಡ್ರೈವರನ ಕಣ್ಣೂ ಬೀಳಬಾರದೆಂದು.

ಏರಿಗೆ ಮುಂಚೆ ಸಿಗುವ ಟೀ ಅಂಗಡಿಯಲ್ಲಿ ವ್ಯಾನು ನಿಂತಿತು. ಮಾವ ಟೀ ಊದಿ ಊದಿ ಕುಡಿಯುತ್ತಿದ್ದಾಗ ಶ್ರೀಧರ ಟೈರುಗಳನ್ನು ಒದ್ದು ನೋಡುತ್ತ ಎಡಮಗ್ಗುಲಿಗೆ ಬಂದು, ಬಗ್ಗಿ, ತಗಡಿನ ಚೂರನ್ನು ಕಿತ್ತು ಜೇಬಿಗೆ ಹಾಕಿದ. ಅಷ್ಟೇ ಕೆಲಸ.

ವ್ಯಾನು ಏರಿಯನ್ನು ಹತ್ತತೊಡಗಿತು. ಎಂದೂ ಇಲ್ಲಿ ಗೊರಗುಡುತ್ತ ತೆವಳುತ್ತಿದ್ದ ಬಂಡಿ ಅಂದು ತಿರುವು ದಾಟಿದ ಮೇಲೆ ಹಗುರಾಗಿ, ಹುಮ್ಮಸ್ಸಿನಿಂದ ಏರಿತು.

“ಇವತ್ತೇನ್ಲಾ, ಕುದುರೆ ಹಂಗೆ ಹೋಗ್ತಾ ಅದೆ!” ಎಂದ ಮಾವ.

“ಮುನೇಶ್ವರನ ದಯೆ ಮಾವ” ಎಂದ ಶ್ರೀಧರ. ಅದು ತನ್ನ ಮನಸ್ಸಿನ ಹಗುರವೇ ಚಕ್ರಕ್ಕೆ ಇಳಿದದ್ದೆಂದು ಅವನಿಗೆ ತೋರಿತು.

ಗುಡಿಯ ಎದುರು ಏರುಮುಖವಾಗಿಯೇ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟ. ಇಬ್ಬರೂ ಬಲಗಡೆಯಿಂದ ಇಳಿದರು. ಕಾಯಿ ಒಡೆಯಿತು. ಕರ್ಪೂರ ಹತ್ತಿತು. ಶ್ರೀಧರ ಕಣ್ಣು ಮುಚ್ಚಿ ಕಿವಿ ತೆರೆದ. ಒಂದೂ ಸದ್ದಿಲ್ಲ. ರೋಲರು ಉರುಳಿದ್ದೂ ಕೇಳಿಸುತ್ತಿಲ್ಲ! ತನ್ನ ಕೈಕೆಲಸಕ್ಕೆ ತಾನೇ ಬೆರಗಾಗಿ, ಮನಸ್ಸಿನಲ್ಲೇ ಭುಜವನ್ನು ತಟ್ಟಿಕೊಂಡ.

ಸದ್ದು ಬಂದದ್ದು ಏರಿಯ ಕೆಳಗಿನಿಂದ. ಮೊಪೆಡ್ಡೊಂದು ಏದುತ್ತ ಬಂತು. ಹಿಂದುಗಡೆ ನೂಲಿನ ಮೂಟೆ ಕಟ್ಟಿತ್ತು.

“ಯಜಮಾನ್ರೇ!” ಎಂದು ಸವಾರ ಕೂಗಿದ. “ರೇಷ್ಮೆ ಏನ್ ಬಿತ್ತನೆ ಮಾಡ್ಕೊಂಡ್ ಹೋಗ್ತಿದ್ದೀರಾ? ತಿರುವಿನಿಂದ ಇಲ್ಲೀಗಂಟ ಒಂದೊಂದೇ ಬಿದ್ದವೆ. ಉಳಿದಿದ್ದ ಜನ ಹೊತ್ಕೊಂಡ್ ಬರ್ತಾವ್ರೆ.”

ಚಿಕ್ಕಬೀರಪ್ಪ ಪಂಚೆ ಎತ್ತಿ ಕಟ್ಟಿ ವ್ಯಾನನ್ನು ಸುತ್ತಿ ಎಡಮಗ್ಗುಲಿಗೆ ಓಡಿದ. ಬಾಗಿಲು ಹಿಂದಕ್ಕೆ ಪೂರಾ ತೆರೆದಿತ್ತು. ಒಳಗೆ ನೂಲಿನ ಎಳೆಯೂ ಇರಲಿಲ್ಲ. ವಸಂತ್ ಮಾತ್ರ, ಹೇಳಿದ ಕೆಲಸದಲ್ಲಿ ಅರ್ಧವಾದರೂ ಆಗಲೆಂದು, ಹೊಟ್ಟಿನ ಮೂಟೆಯನ್ನು ನಿಷ್ಠೆಯಿಂದ ಖಾಲಿ ವ್ಯಾನಿಗೆ ಏರಿಸುತ್ತಿದ್ದ.

“ಯಾರೋ ನೀನು?”

ವಸಂತ್ ಬಾಯಿ ತೆರೆದ; ನೋಟ ಶ್ರೀಧರನತ್ತ ಹರಿಯಿತು. ಬೇರೆ ಉತ್ತರ ಬೇಕಿರಲಿಲ್ಲ.

ಮಾವ ಬಗ್ಗಿ ಟ್ರ್ಯಾಕನ್ನು ಉಗುರಿನಿಂದ ಗೀರಿದ. ಕೆಮ್ಮಣ್ಣು ಉದುರಿ ಹೊಸ ಕಬ್ಬಿಣ ಬಿಸಿಲಿಗೆ ಮಿಂಚಿತು. “ಒಳ್ಳೆ ಕೆಲ್ಸ ಮಾಡಿದೀಯಲ್ಲೋ ಅಳಿಯಾ” ಎಂದ, ಬಹಳ ಮೆಲ್ಲಗೆ. “ಚಿಲಕ ಎಲ್ಲಿ?” ಶ್ರೀಧರನ ಕೈ ತಾನಾಗಿಯೇ ನೋಯುವ ಭುಜಕ್ಕೆ ಹೋಯಿತು. ಆ ಬಾಗಿಲಿನ ಚಿಲಕ ವ್ಯಾನು ಬಂದ ವರ್ಷವೇ ಮುರಿದಿತ್ತು. ಇನ್ನೇಕೆ ಬೇಕೆಂದು ಕಿತ್ತು ಗುಜರಿಗೆ ಎಸೆದವನು ಶ್ರೀಧರನೇ. ಅಂದಿನಿಂದ ಇಂದಿನವರೆಗೆ ಪ್ರತಿ ಏರಿನಲ್ಲೂ ಪ್ರತಿ ತಿರುವಿನಲ್ಲೂ ಆ ಬಾಗಿಲನ್ನು ಮುಚ್ಚಿ ಹಿಡಿದಿದ್ದದ್ದು, ಶನಿವಾರ ಭಾನುವಾರ ಕೂತು ಅವನು ಪುಡಿಯೂ ಉಳಿಯದಂತೆ ತಿಕ್ಕಿ ತೆಗೆದ ಆ ತುಕ್ಕೊಂದೇ.