ರಾಜನ ಬೊಗಸೆಗೆ ಬಿದ್ದ ಹನಿ ಬಿಸಿಲು

ಬೆಟ್ಟಗಳಿಗೆ ಇನ್ನೂ ಹೆಸರಿಡದಿದ್ದ ಕಾಲದಲ್ಲಿ ಮುಗಿಲಗಲ್ಲು ಎಂಬ ರಾಜ್ಯವಿತ್ತು. ಅದನ್ನು ಅರಿಂಜಯನೆಂಬ ರಾಜ ಆಳುತ್ತಿದ್ದ. ಅವನಿಗೆ ಸೈನ್ಯವಿರಲಿಲ್ಲ. ಕೋಟೆಯ ನೆತ್ತಿಯ ಮೇಲೆ ಹೊನ್ನಗರಿಯ ಹದ್ದೊಂದು ಕೂತಿರುತ್ತಿತ್ತು. ಅದು ಒಮ್ಮೆ ಕೂಗಿದರೆ ಗಡಿ ದಾಟಿದ ಶತ್ರು ನಿಂತಲ್ಲೇ ಕಲ್ಲಾಗುತ್ತಿದ್ದ.

ಗಡಿಯಾಚೆ ಕುಟಿಲಾಕ್ಷನೆಂಬ ಮಾಂತ್ರಿಕ ಬೇತಾಳಗಳ ದಂಡು ಕಟ್ಟಿಕೊಂಡು ಕಾಯುತ್ತಿದ್ದ. ಹದ್ದನ್ನು ಮುಟ್ಟಲು ಅವನ ಯಾವ ಮಂತ್ರದಿಂದಲೂ ಆಗಲಿಲ್ಲ. ಆಗ ಅವನು ಹದ್ದಿಗೆ ಗುರುತು ಸಿಗದಂತೆ ಬೈರಾಗಿಯ ವೇಷ ತೊಟ್ಟು, ಹೆಗಲಿಗೆ ಜೋಳಿಗೆ ಹಾಕಿಕೊಂಡು ಆಸ್ಥಾನಕ್ಕೆ ಬಂದ.

“ರಾಜಾ, ಮೂರು ದಾನ ಕೊಡು. ಚಿನ್ನ ಬೇಡ, ಭೂಮಿ ಬೇಡ. ನಿನಗೆ ಬೇಡವಾದದ್ದನ್ನೇ ಕೇಳುತ್ತೇನೆ. ಮೂರನೆಯದನ್ನು ಕೊಡುವವರೆಗೂ ಕೊಟ್ಟದ್ದನ್ನು ನೀನು ಹಿಂದಕ್ಕೆ ಕೇಳಬಹುದು. ಕೊಟ್ಟ ಮೇಲೆ ಮೂರೂ ನನ್ನವು.”

ಮೊದಲು ಕಪ್ಪೆಗಳನ್ನು ಕೇಳಿದ. “ರಾತ್ರಿಯೆಲ್ಲ ವಟಗುಟ್ಟಿ ನಿದ್ದೆ ಕೆಡಿಸುತ್ತವೆ, ಒಯ್ಯಿ,” ಎಂದ ರಾಜ. ಕಪ್ಪೆಗಳೆಲ್ಲ ಜೋಳಿಗೆ ಸೇರಿದವು.

ಆಮೇಲೆ ಮಿಡತೆಗಳನ್ನು ಕೇಳಿದ. “ಪೈರು ತಿನ್ನುವ ಹುಳ, ಒಯ್ಯಿ,” ಎಂದ ರಾಜ. ಮಿಡತೆಗಳೂ ಜೋಳಿಗೆ ಸೇರಿದವು.

“ಮುಂದಿನ ಹುಣ್ಣಿಮೆಯ ಸಂಜೆ ಬಂದು ಕಾಡುಹುಲ್ಲು ಕೇಳುತ್ತೇನೆ,” ಎಂದು ಹೇಳಿ ಹೋದ.

ಅಂದಿನಿಂದ ರಾಜ್ಯಕ್ಕೆ ಏನೋ ತಟ್ಟಿತು. ಹಾವುಗಳು ಹಸಿದು ಅಡುಗೆಮನೆಗಳಿಗೆ ನುಗ್ಗಿ, ಕೊನೆಗೆ ಬಹುಪಾಲು ಹಗ್ಗದಂತೆ ಒಣಗಿ ಬಿದ್ದವು. ಹದ್ದಿನ ಕತ್ತು ಜೋತುಬಿತ್ತು, ಗರಿ ಉದುರತೊಡಗಿತು. ಹಾಲಿಟ್ಟರು, ಮಾಂಸವಿಟ್ಟರು, ತಾನೇ ಹಿಡಿದ ಬೇಟೆಯಲ್ಲದೆ ಬೇರೆಯದನ್ನು ಅದು ಮುಟ್ಟಲಿಲ್ಲ. ಗಡಿಯಲ್ಲಿ ಬೇತಾಳಗಳ ನಗು ದಿನದಿನಕ್ಕೂ ಹತ್ತಿರವಾಯಿತು. ರಾಜ ರಾತ್ರಿಯೆಲ್ಲ ಹದ್ದಿನ ಬಳಿಯೇ ಕೂತಿರತೊಡಗಿದ.

ಕೋಟೆಯ ಮಕ್ಕಳಿಗೆ ಪಾಠ ಹೇಳುವ ಚಂದಲೆಗೆ ಸಂಗತಿ ಹೊಳೆಯಿತು. ಓಡಿಬಂದು ಹೇಳಿದಳು: “ಮಹಾಪ್ರಭು, ಹುಲ್ಲಿಲ್ಲದೆ ಮಿಡತೆಯಿಲ್ಲ, ಮಿಡತೆಯಿಲ್ಲದೆ ಕಪ್ಪೆಯಿಲ್ಲ, ಕಪ್ಪೆಯಿಲ್ಲದೆ ಹಾವಿಲ್ಲ, ಹಾವಿಲ್ಲದೆ ಹದ್ದಿಲ್ಲ. ಹುಲ್ಲನ್ನು ಮಾತ್ರ ಕೊಡಬೇಡಿ!”

“ಆಕಾಶದ ಹದ್ದಿಗೂ ಕೆಸರಿನ ಕಪ್ಪೆಗೂ ಏನಮ್ಮ ನಂಟು?” ಎಂದು ರಾಜ ಕಳಿಸಿಬಿಟ್ಟ.

ಇನ್ನೊಂದು ದಿನ ಬಂದು ರಂಗೋಲಿ ಪುಡಿಯಲ್ಲಿ ಎಲ್ಲವನ್ನೂ ಬರೆದು ತೋರಿಸಿದಳು. “ಚೆನ್ನಾಗಿದೆ, ಹಬ್ಬಕ್ಕೂ ಬರೆಯಮ್ಮ,” ಎಂದು ಮಂತ್ರಿ ನಕ್ಕ. ಆಸ್ಥಾನವೆಲ್ಲ ನಕ್ಕಿತು.

ಹುಣ್ಣಿಮೆ ಬಂತು. ಹೊತ್ತು ಪಡುವಣಕ್ಕೆ ವಾಲಿತು. ಚಂದಲೆ ಮೂರನೆಯ ಸಲ ಬಂದಳು, ಮಕ್ಕಳನ್ನು ಕರೆದುಕೊಂಡು. ಕಾವಲುಗಾರ ಈಟಿ ಅಡ್ಡ ಹಿಡಿದ.

“ಬಿಡಪ್ಪಾ. ಹೊತ್ತು ಮುಳುಗಿದರೆ ನಿನ್ನ ಮನೆಯೂ ಇರುವುದಿಲ್ಲ,” ಎಂದಳು. ಅವಳ ಮುಖ ನೋಡಿ ಅವನು ಈಟಿ ಇಳಿಸಿದ.

ಅರಮನೆಯ ಅಂಗಳದಲ್ಲಿ ಸೂರ್ಯಬಾವಿಯಿತ್ತು. ಅದರಲ್ಲಿ ಬಿಸಿಲು ನೀರಿನಂತೆ ನಿಲ್ಲುತ್ತಿತ್ತು. ಚಂದಲೆ ಒಂದು ಕೊಡ ಬಿಸಿಲು ಸೇದಿದಳು. ಮಕ್ಕಳನ್ನು ಸಾಲಾಗಿ ನಿಲ್ಲಿಸಿದಳು. “ನೀನು ಹುಲ್ಲು. ನೀನು ಮಿಡತೆ. ನೀನು ಕಪ್ಪೆ. ನೀನು ಹಾವು. ಮಹಾಪ್ರಭು, ತಾವು ಹದ್ದು. ಕೊನೆಯಲ್ಲಿ ಬೊಗಸೆಯೊಡ್ಡಿ ನಿಲ್ಲಿ.”

ಭಯ ಹೆಚ್ಚಾದವನಿಗೆ ನಾಚಿಕೆ ಎಲ್ಲಿಯದು? ರಾಜ ಸಾಲಿನಲ್ಲಿ ನಿಂತ.

ಹುಲ್ಲಾದ ಹುಡುಗಿಯ ಬೊಗಸೆಗೆ ಚಂದಲೆ ಬಿಸಿಲು ಸುರಿದಳು. ಬಹುಪಾಲು ಆಚೆ ಚೆಲ್ಲಿತು. ಬೊಗಸೆಯಲ್ಲಿ ಹಿಡಿದಷ್ಟರಿಂದ ಹುಡುಗಿ ತುದಿಗಾಲಲ್ಲಿ ನಿಂತು ಹುಲ್ಲಿನಂತೆ ಬೆಳೆದಳು, ಉಳಿದದ್ದನ್ನು ಮಿಡತೆಗೆ ಕೊಟ್ಟಳು. ಮಿಡತೆ ಹಾರಿತು, ಬಿಸಿಲು ತುಳುಕಿ ನೆಲ ಬೆಚ್ಚಗಾಯಿತು. ಕಪ್ಪೆ ಕುಪ್ಪಳಿಸಿತು, ಮತ್ತೆ ತುಳುಕಿತು. ಹಾವು ತೆವಳಿತು. ರಾಜನ ಬೊಗಸೆಗೆ ಒಂದೇ ಒಂದು ಹನಿ ಬಿತ್ತು.

“ಇಷ್ಟೇನಾ?”

“ಇಷ್ಟೇ, ಪ್ರಭು. ಪ್ರತಿ ಜೀವವೂ ತನ್ನ ಬದುಕಿಗೆ ಖರ್ಚು ಮಾಡಿ ಉಳಿದದ್ದನ್ನಷ್ಟೇ ಮುಂದೆ ದಾಟಿಸುತ್ತದೆ. ಈ ಹನಿಯ ಬಲದಿಂದಲೇ ನಮ್ಮ ಹದ್ದು ಹಾರುತ್ತದೆ.”

ಆಮೇಲೆ ಅವಳು ಮಿಡತೆಯನ್ನೂ ಕಪ್ಪೆಯನ್ನೂ ಪಕ್ಕಕ್ಕೆ ಸರಿಸಿ ಮತ್ತೆ ಸುರಿದಳು. ಹುಲ್ಲಿನ ಕೈ ಹಾವಿನ ಕೈಗೆ ಎಟುಕಲಿಲ್ಲ. ರಾಜನ ಬೊಗಸೆ ಖಾಲಿಯೇ ಉಳಿಯಿತು. ಅವನು ಬೆವತುಹೋದ.

ಅಷ್ಟರಲ್ಲಿ ಬಾಗಿಲಲ್ಲಿ ಬೈರಾಗಿ ವೇಷದ ಕುಟಿಲಾಕ್ಷ ನಿಂತಿದ್ದ. “ರಾಜಾ, ಹೊತ್ತಾಯಿತು. ಹುಲ್ಲು ಕೊಟ್ಟೆ ಅನ್ನು.”

ಬೇತಾಳಗಳು ಕೋಟೆಗೋಡೆ ಕೆರೆಯುವ ಸದ್ದು ಕೇಳಿತು. ಮಕ್ಕಳು ಚಂದಲೆಯ ಸೆರಗು ಹಿಡಿದರು. ರಾಜ ತನ್ನ ಖಾಲಿ ಬೊಗಸೆ ನೋಡಿಕೊಂಡ. ಆಮೇಲೆ ಹೇಳಿದ: “ಕೊಡುವುದಿಲ್ಲ. ಕೊಟ್ಟದ್ದನ್ನೂ ಹಿಂದಕ್ಕೆ ತಾ.”

ಜೋಳಿಗೆ ಬಿರಿಯಿತು. ಮಿಡತೆಗಳು ಮೋಡದಂತೆ ಎದ್ದವು, ಕಪ್ಪೆಗಳು ದಬದಬನೆ ಅಂಗಳಕ್ಕೆ ಧುಮುಕಿದವು. ಜೋಳಿಗೆಯ ಜೀವಿಗಳಿಂದ ಕದ್ದ ಕಸುವಿನಿಂದಲೇ ಬದುಕಿದ್ದ ಕುಟಿಲಾಕ್ಷ ಒಣ ತೊಗಟೆಯಾಗಿ ಮುರಿದುಬಿದ್ದ. ಒಡೆಯನಿಲ್ಲದ ಬೇತಾಳಗಳು ಮಂಜಾಗಿ ಕರಗಿದವು.

ಹದ್ದು ಅಂದೇ ಚೇತರಿಸಿಕೊಳ್ಳಲಿಲ್ಲ. ಕಪ್ಪೆ ಮೊಟ್ಟೆಯಿಟ್ಟು ಹೆಚ್ಚಬೇಕು, ಹಾವು ಮೈತುಂಬಬೇಕು. ಅಲ್ಲಿಯವರೆಗೆ ಊರಿಗೆ ಊರೇ ಉಸಿರು ಬಿಗಿಹಿಡಿದಿತ್ತು. ಮಳೆಗಾಲ ಮುಗಿದ ಒಂದು ಬೆಳಗ್ಗೆ ಅದು ರೆಕ್ಕೆ ಬಿಚ್ಚಿ ಕಣಿವೆಗೆ ಇಳಿಯಿತು. ಕಾಲಲ್ಲಿ ಬೇಟೆ ಹಿಡಿದು ಮರಳಿತು. ರಾಜ ಚಂದಲೆಯನ್ನು ಅರಮನೆಗೆ ಕರೆಸಲಿಲ್ಲ. ತಾನೇ ಅವಳ ಪಾಠಶಾಲೆಗೆ ನಡೆದುಹೋಗಿ, ಮಕ್ಕಳ ನಡುವೆ ಚಾಪೆಯ ಮೇಲೆ ಕೂತ. ಮುಗಿಲಗಲ್ಲಿನ ಜನ, ಹುಳ, ಹಾವು, ಹಕ್ಕಿ ಎಲ್ಲ ಬಹುಕಾಲ ಸುಖವಾಗಿ ಬಾಳಿದರು.