ಸಾಲಿನ ಮುಂದಿನವಳು

ಮೂರು ದಿನ ಬಿಸಿಲಿನಲ್ಲಿ ನಿಂತು ಗೋಡೆಯ ತುಂಬ ಅವಳು ಮಾಡಿಟ್ಟಿದ್ದ ಗುರುತುಗಳನ್ನು ಯಾರೋ ಒಂದೇ ಬೆಳಗಿನಲ್ಲಿ ಒರೆಸಿ ಹಾಕಿದ್ದರು. ಕಾಲೇಜು ಲೈಬ್ರರಿಯ ಹೊರಗೋಡೆ ಆಗತಾನೇ ಸ್ನಾನ ಮಾಡಿಸಿದ ಮಗುವಿನಂತೆ ಹೊಳೆಯುತ್ತಿತ್ತು. ಅದರ ಕೆಳಗೆ ಅಂಗಿಯ ತೋಳು ಮಡಚಿಕೊಂಡ ಒಬ್ಬ ಗಂಡಸು ಒದ್ದೆ ಬಟ್ಟೆ ಹಿಂಡುತ್ತ, ದೊಡ್ಡ ಉಪಕಾರ ಮಾಡಿದವನ ಹಾಗೆ ಅವಳನ್ನು ನೋಡಿ ನಕ್ಕ.

"ನಿಮ್ಮನ್ನೇ ಕಾಯ್ತಿದ್ದೆ ಮೇಡಂ. ಹುಡುಗರು ಏನೇನೋ ಗೀಚಿಬಿಟ್ಟಿದ್ರು. ಸುರುಳಿ, ಮೀನು, ಕನ್ನಡಕ, ಅರ್ಧಂಬರ್ಧ ಅಕ್ಷರ. ನೀವು ಚಿತ್ರ ಶುರು ಮಾಡೋದ್ರೊಳಗೆ ಕ್ಲೀನ್ ಮಾಡಿಬಿಡೋಣ ಅಂತ."

"ಆ ಮೀನು ನಾನೇ ಬರೆದದ್ದು," ಎಂದಳು ಅವಳು. "ಕನ್ನಡಕಾನೂ ನಂದೇ."

ಗೋಡೆಯಷ್ಟು ದೊಡ್ಡ ಚಿತ್ರ ಬರೆಯುವವರಿಗೆ ಆ ಗೀಚುಗಳೇ ಮೈಲಿಗಲ್ಲು. ಗೀಚಿದ ಗೋಡೆಯ ಫೋಟೋ ತೆಗೆದು, ಬರೆಯಬೇಕಾದ ಚಿತ್ರವನ್ನು ಫೋನಿನಲ್ಲಿ ಅದರ ಮೇಲೆ ಹೊಂದಿಸಿ ನೋಡಿದರೆ, ಮೀನಿನ ಬಾಲದ ಹತ್ತಿರ ಮೂಗು, ಕನ್ನಡಕದ ಪಕ್ಕ ಮೊಣಕೈ ಎಂದು ತಿಳಿಯುತ್ತದೆ. ಅವಳು ಇದನ್ನು ಸಮಾಧಾನವಾಗಿಯೇ ವಿವರಿಸಿದಳು. ಕೇಳುತ್ತ ಕೇಳುತ್ತ ಅವನ ಕೈಯಲ್ಲಿದ್ದ ಬಟ್ಟೆ ಮೆಲ್ಲಗೆ ಬೆನ್ನ ಹಿಂದೆ ಸರಿಯಿತು.

ಅವನು ಆ ಲೈಬ್ರರಿಯನ್ನು ನೋಡಿಕೊಳ್ಳುವವನು. ಮಾತಾಡುವವರನ್ನು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಾಗಿಸುತ್ತಿದ್ದುದರಿಂದ ಹುಡುಗರು ಅವನಿಗೆ 'ಶ್‌ಶ್ ಸರ್' ಎಂದು ಹೆಸರಿಟ್ಟಿದ್ದರು. ಸಂಜೆ ಏಣಿಯ ಬುಡಕ್ಕೆ ಬಂದು, "ಹೊಟ್ಟೆಗೆ ಹಾಕ್ಕೊಳ್ಳಿ. ಒಂದು ಬ್ರಷ್ ಕೊಡಿ, ನಾನೂ ಗೀಚ್ತೀನಿ," ಎಂದ. ಗೀಚಿದ. ಅವನ ಮೀನಿಗೆ ಕಾಲುಗಳಿದ್ದವು. ಅವಳು ನಗು ತಡೆದುಕೊಳ್ಳಲು ಬಣ್ಣದ ಡಬ್ಬಿಯೊಳಗೆ ನೋಡಬೇಕಾಯಿತು.

ಗೋಡೆಯ ಮೇಲೆ ಬರಬೇಕಾದ ಕಥೆಯನ್ನು ಹುಡುಕಿ ತೆಗೆದವನೂ ಅವನೇ. ಎಪ್ಪತ್ತು ವರ್ಷಗಳ ಹಿಂದೆ ಈ ಲೈಬ್ರರಿಯ ಮೊದಲ ಪುಸ್ತಕಗಳು ಹೊಳೆಯ ಆಚೆಗೆ ಸಿಕ್ಕಿಕೊಂಡಿದ್ದವು. ಸೇತುವೆ ಕುಸಿದು ಗಾಡಿ ಬರುವಂತಿರಲಿಲ್ಲ. ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಿದ್ದ ಮೂವತ್ತೊಂದು ಹೆಂಗಸರು ಸೊಂಟಮಟ್ಟದ ನೀರಿಗಿಳಿದು, ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಈಚೆ ದಡಕ್ಕೆ ತಂದರು. ಅವರಲ್ಲಿ ಒಬ್ಬರಿಗೂ ಓದು ಬರುತ್ತಿರಲಿಲ್ಲ. ಬಾಗಿಲ ಪಕ್ಕದ ಕಲ್ಲಿನ ಮೇಲೆ ಪುಸ್ತಕ ಕೊಟ್ಟವರ ಹೆಸರುಗಳಿವೆ. ಹೊತ್ತವರದು ಹಳೆಯ ಹಾಜರಿ ರಿಜಿಸ್ಟರಿನಲ್ಲಿ ಮೂವತ್ತೊಂದು ಹೆಬ್ಬೆಟ್ಟು, ಅಷ್ಟೇ.

"ಮೊದಲನೇ ಹೆಬ್ಬೆಟ್ಟು ನಮ್ಮಜ್ಜೀದು," ಎಂದ ಅವನು, ಆ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು. "ಅಮ್ಮನ ಅಮ್ಮ. ಸಾಲಿನಲ್ಲಿ ಮುಂದೆ ಇದ್ದೋಳು ಅವಳು. ಒಂದು ಫೋಟೋನೂ ಇಲ್ಲ. ನನಗೆ ಹತ್ತು ವರ್ಷ ಆಗೋವರೆಗೂ ಇದ್ಲು. ನಾನು ಹೇಳ್ತೀನಿ, ನೀವು ಬರೀರಿ."

ಉಳಿದ ಮೂವತ್ತು ಮುಖಗಳು ಕ್ಯಾಂಪಸ್ಸಿನಲ್ಲೇ ಸಿಕ್ಕವು. ಕಸ ಗುಡಿಸುವಾಕೆ, ಲ್ಯಾಬಿನ ಅಟೆಂಡರ್, ಹಾಸ್ಟೆಲ್ಲಿನ ಅಡುಗೆಯವರು, ಗಣಿತದ ಮೇಡಂ, ಎಲ್ಲರೂ ಸರದಿಯಲ್ಲಿ ಬಂದು ತಲೆಯ ಮೇಲೆ ರಟ್ಟಿನ ಡಬ್ಬ ಇಟ್ಟುಕೊಂಡು ನಿಂತರು. "ನನ್ನ ಗಲ್ಲ ಸ್ವಲ್ಪ ಕಡಿಮೆ ಮಾಡಮ್ಮ, ಹೊಳೆ ದಾಟೋರಿಗೆ ಇಷ್ಟು ಗಲ್ಲ ಎಲ್ಲಿರುತ್ತೆ," ಎಂದರು ಅಡುಗೆಯವರು.

ಅಟ್ಟಣಿಗೆಯ ಮೇಲೆ ನಿಂತವಳಿಗೆ ಮೂಗಿನ ಮುಂದಿನ ಬಣ್ಣವಲ್ಲದೆ ಬೇರೇನೂ ಕಾಣುವುದಿಲ್ಲ. ದೂರದ ಮರದ ಕೆಳಗೆ ನಿಂತು ಸರಿ ತಪ್ಪು ಹೇಳಲು ಒಬ್ಬರು ಬೇಕು. ಅವನು ದಿನವೂ ಸಂಜೆ ಬಂದ. ಲೈಬ್ರರಿಯ ಮುಂದೆ ಕೂಗುವುದು ಅವನ ಜಾಯಮಾನಕ್ಕೆ ಒಗ್ಗದು, ಎಲ್ಲವೂ ಕೈಸನ್ನೆಯಲ್ಲೇ. ಕಣ್ಣು ಮೇಲೆ ಹೋಗಬೇಕಾದರೆ ತನ್ನ ಹುಬ್ಬನ್ನು ಬೆರಳಿನಿಂದ ಎತ್ತುತ್ತಿದ್ದ. ಮೂಗು ದಪ್ಪವಾಗಿದ್ದರೆ ತನ್ನ ಮೂಗನ್ನು ಹಿಂಡಿ ತೋರಿಸುತ್ತಿದ್ದ. ಒಮ್ಮೆ ಏನೂ ತಪ್ಪಿಲ್ಲದೆಯೂ ಅವನು ಕೈಕಟ್ಟಿ ನೋಡುತ್ತ ನಿಂತಿದ್ದ. ಅವಳು ತಿರುಗಿ ಏನು ಎಂದು ಹುಬ್ಬು ಹಾರಿಸಿದಳು. ಅವನು ಸನ್ನೆ ಮರೆತವನಂತೆ ಮರದ ತೊಗಟೆ ಕೀಳತೊಡಗಿದ. ಆ ಸಂಜೆ ಅವಳು ಒಂದೇ ಸೆರಗಿನ ಅಂಚಿಗೆ ಮೂರು ಸಲ ಬಣ್ಣ ಹಚ್ಚಿದಳು.

ಅಜ್ಜಿಯ ಮುಖ ಮಾತ್ರ ಕೂಡಿ ಬರಲಿಲ್ಲ. ಬರೆದಳು; "ಅಲ್ಲ" ಎಂದ. ಅಳಿಸಿ ಮತ್ತೆ ಬರೆದಳು; ಅವನು ತಲೆ ಓರೆ ಮಾಡಿ, "ಊಹುಂ, ಹತ್ತಿರ ಬಂದಿದೆ, ಆದ್ರೆ ಅಲ್ಲ," ಎಂದ. ಪ್ರತಿ 'ಅಲ್ಲ'ದ ಜೊತೆಗೆ ಒಂದು ಲೋಟ ಚಹಾ, ಅಜ್ಜಿಯ ಒಂದು ಹೊಸ ಕಥೆ. ಅವಳಿಗೆ ಬೇಸರವಾಗಲಿಲ್ಲ. ಊರಿಂದೂರಿಗೆ ಗೋಡೆ ಹುಡುಕಿಕೊಂಡು ಹೋಗುವವಳಿಗೆ ದಿನವೂ ಒಬ್ಬರು ಕಾದು ನಿಲ್ಲುವುದು ಹೊಸದು. ಮುಂದಿನ ಊರಿನವರು ಆಗಲೇ ಎರಡು ಸಲ ಫೋನ್ ಮಾಡಿದ್ದರು. ಇಲ್ಲಿ ಶುಕ್ರವಾರ ಪ್ರಿನ್ಸಿಪಾಲರು ಪರದೆ ಸರಿಸಿ ಚಿತ್ರವನ್ನು ಉದ್ಘಾಟಿಸಬೇಕು.

ಮಂಗಳವಾರ ಮಧ್ಯಾಹ್ನ ಅವಳು ಲೈಬ್ರರಿಯೊಳಗೆ ಹೋಗಿ ಅವನ ಮೇಜಿನ ಮೇಲೆ ಆರು ಹಾಳೆಗಳನ್ನು ಹರಡಿದಳು. ಅಳಿಸುವ ಮುನ್ನ ಅಜ್ಜಿಯ ಪ್ರತಿ ಮುಖದ ಫೋಟೋ ತೆಗೆದಿಟ್ಟುಕೊಂಡು, ಈಗ ಅಚ್ಚು ಹಾಕಿಸಿ ತಂದಿದ್ದಳು. ಕ್ರಮ ತಪ್ಪಿಸಿಯೇ ಇಟ್ಟಿದ್ದಳು.

"ಇದರಲ್ಲಿ ಯಾವುದು ಹತ್ತಿರ, ಒಂದಕ್ಕೆ ಬೆರಳಿಡಿ. ಅದನ್ನೇ ತಿದ್ತೀನಿ."

ಅವನ ಬೆರಳು ತಡವರಿಸಲಿಲ್ಲ. ಉಳಿದ ಐದನ್ನು ಕಣ್ಣೆತ್ತಿಯೂ ನೋಡದೆ ಒಂದರ ಮೇಲೆ ಬಂದು ಕೂತಿತು. ಅದು ಅವಳು ಮೊದಲ ದಿನ ಬರೆದದ್ದು.

"ಇದಕ್ಕೇನು ತಿದ್ದಬೇಕು?"

"ಏನೂ ಇಲ್ಲ. ಅವತ್ತೇ ಸರಿಯಿತ್ತು."

"ಮತ್ತೆ ಯಾಕೆ ಅಲ್ಲ ಅಂದ್ರಿ?"

"ಸರಿ ಅಂದಿದ್ರೆ ನೀವು ಹೊರಟುಬಿಡ್ತಿದ್ರಿ."

ಇಂಥ ಮಾತಿಗೆ ಹೆಣ್ಣಿನ ಎದೆ ಕರಗಬೇಕು. ಅವಳದು ಕರಗಿತು ಕೂಡ, ಒಂದು ಗಳಿಗೆ. ಆಮೇಲೆ ಸಿಟ್ಟು ಬಂತು.

"ನಿಮ್ಮಜ್ಜಿಯನ್ನ ಊರು ಎಪ್ಪತ್ತು ವರ್ಷ ಮರೆತಿತ್ತು," ಎಂದಳು ದನಿಯೇರಿಸದೆ. "ನೀವೊಬ್ಬರು ನೆನಪಿಟ್ಟುಕೊಂಡು ಹುಡುಕಿ ತಂದ್ರಿ. ತಂದು, ನಿಮಗೆ ಬೇಕಾಯ್ತು ಅಂತ ಆರು ಸಲ ಅಳಿಸೋ ಹಾಗೆ ಮಾಡಿದ್ರಿ. ನನ್ನ ಕೈಯಿಂದ. ನನ್ನ ನಿಲ್ಲಿಸ್ಕೋಬೇಕಿದ್ರೆ ನನ್ನನ್ನ ಕೇಳಬೇಕಿತ್ತು. ಆ ಮುದುಕಿಯನ್ನ ಯಾಕೆ ನಡುವೆ ತಂದ್ರಿ?"

ಮೂಲೆಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ತುಟಿಗೆ ಬೆರಳಿಟ್ಟು ಶ್‌ಶ್ ಎಂದಳು.

ಬುಧವಾರ ಅವನು ಮರದ ಕೆಳಗೆ ಬರಲಿಲ್ಲ. ಅವಳು ನೀರಿನ ಬಣ್ಣ ಮುಗಿಸಿದಳು, ದಡದ ಹುಲ್ಲು ಮುಗಿಸಿದಳು. ಸಾಲಿನ ಮುಂದೆ ಮುಖವಿಲ್ಲದ ಒಂದು ಮೈ ಪೆಟ್ಟಿಗೆ ಹೊತ್ತು ನಿಂತಿತ್ತು. ಮೊದಲಿನ ಮುಖವನ್ನೇ ಮತ್ತೆ ಬರೆಯಬಹುದಿತ್ತು. ಆದರೆ ಇಷ್ಟು ಸಲ ಸುಳ್ಳು 'ಅಲ್ಲ' ಹೇಳಿದವನ 'ಹೌದು' ಎಷ್ಟು ಗಟ್ಟಿ? ಸಂಜೆ ಅವನಿಗೆ ಫೋನ್ ಮಾಡಿ, "ಅಜ್ಜಿಯನ್ನ ನಿಮಗಿಂತ ಚೆನ್ನಾಗಿ ಕಂಡೋರು ಯಾರಿದ್ದಾರೆ?" ಎಂದಷ್ಟೇ ಕೇಳಿದಳು.

"ಅಮ್ಮ," ಎಂದ. "ಮೊದಲೇ ಕರ್ಕೊಂಡು ಬರಬಹುದಿತ್ತು. ಬಂದಿದ್ರೆ ಒಂದೇ ದಿನಕ್ಕೆ ಮುಗಿದುಹೋಗ್ತಿತ್ತು."

ಗುರುವಾರ ಬೆಳಿಗ್ಗೆ ಎಪ್ಪತ್ತು ದಾಟಿದ ತಾಯಿ ಮಗನ ತೋಳು ಹಿಡಿದು ಬಂದರು. ಗೋಡೆಯೆದುರು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು, ಕನ್ನಡಕ ಒರೆಸಿ, ಸಾಲನ್ನು ಹಿಂದಿನಿಂದ ಮುಂದಕ್ಕೆ ನೋಡುತ್ತ ಬಂದರು.

"ನಾನೆಲ್ಲಿ?" ಎಂದರು.

ಮಗ ಅಮ್ಮನ ಮುಖ ನೋಡಿದ.

"ಪೆಟ್ಟಿಗೆ ತಲೆ ಮೇಲಿತ್ತು, ನಾನು ಬೆನ್ನ ಮೇಲಿದ್ದೆ. ಒಂದು ವರ್ಷದ ಕೂಸು, ಎಲ್ಲಿ ಬಿಟ್ಟು ಬರ್ತಾಳೆ? ಸೀರೆಯಲ್ಲಿ ಬಿಗಿದು ಕಟ್ಟಿದ್ಲಂತೆ. ನಡುನೀರಲ್ಲಿ ನಾನು ಅವಳ ಕೂದಲು ಹಿಡಿದು ಎಳೆದದ್ದನ್ನ ಸಾಯೋವರೆಗೂ ಹೇಳಿ ಹೇಳಿ ಬೈತಿದ್ಲು."

"ಇದನ್ನ ನನಗೆ ಯಾಕಮ್ಮ ಹೇಳಲಿಲ್ಲ?"

"ನೀನು ಪುಸ್ತಕದ ವಿಷಯ ಕೇಳಿದೆ, ಹೇಳಿದೆ. ನನ್ನ ವಿಷಯ ಯಾವತ್ತು ಕೇಳಿದ್ದೆ?"

ಅವಳು ಬ್ರಷ್ ಕೈಗೆತ್ತಿಕೊಂಡಳು. ಬಿಸಿಲು ನೆತ್ತಿಗೇರಿ ಇಳಿಯುವವರೆಗೂ ತಾಯಿ ಹೇಳಿದರು, ಅವಳು ಬರೆದಳು. ಮೊದಲ ದಿನದ ಮುಖವೇ ಬಂತು, ಆದರೆ ಹುಬ್ಬು ಗಂಟಿಕ್ಕಿತು, ತುಟಿ ಬಿಗಿದುಕೊಂಡಿತು, ಭುಜದ ಹಿಂದಿನಿಂದ ಒಂದು ಪುಟ್ಟ ಮುಷ್ಟಿ ಬಂದು ಕೂದಲು ಹಿಡಿಯಿತು.

"ನಿಮ್ಮ ಮಗ ಇದನ್ನ ಆರು ಸಲ ಅಳಿಸಿಸಿದ್ರು," ಎಂದಳು ಅಟ್ಟಣಿಗೆಯಿಂದಲೇ.

"ಹೇಳಿದ. ರಾತ್ರಿ ಊಟ ಬಿಟ್ಟು ಕೂತಿದ್ದ." ತಾಯಿ ನಿಟ್ಟುಸಿರಿಟ್ಟರು. "ಚಿಕ್ಕವನಿದ್ದಾಗ್ಲೂ ಹೀಗೇ. ಮುಗಿದುಹೋಗುತ್ತೆ ಅಂತ ಪೆಪ್ಪರಮಿಂಟನ್ನ ಬಾಯಿಂದ ತೆಗೆದು ಕಾಗದದಲ್ಲಿ ಸುತ್ತಿಡ್ತಿದ್ದ. ಕೊನೆಗೆ ಇರುವೆ ತಿಂತಿತ್ತು."

ಅವಳು ನಕ್ಕುಬಿಟ್ಟಳು. ಕೆಳಗಿಳಿದು, ಕೈ ಒರೆಸಿಕೊಳ್ಳುತ್ತ ಅವನ ಎದುರು ನಿಂತಳು. ಅವನ ಕಣ್ಣ ಕೆಳಗೆ ಕಪ್ಪಾಗಿತ್ತು.

"ಈಗ ಹೇಳಿ. ಮುಖ ಸರಿ ಇದೆಯಾ?"

ಅವನು ಗೋಡೆ ನೋಡಿದ. ಅವಳನ್ನು ನೋಡಿದ. ಒಂದು 'ಅಲ್ಲ' ಗಂಟಲವರೆಗೆ ಬಂದು ನಿಂತದ್ದು ಅವಳಿಗೆ ಕಾಣಿಸಿತು.

"ಸರಿ ಇದೆ," ಎಂದ. "ಇದೇ ಅಜ್ಜಿ. ಇನ್ನು ಏನನ್ನೂ ಮುಟ್ಟಬೇಡಿ."

"ಹಾಗಾದ್ರೆ ನಾಡಿದ್ದು ಹೊರಡ್ತೀನಿ."

"ಗೊತ್ತು." ಅವನು ಉಸಿರು ಎಳೆದುಕೊಂಡ. "ನೇರವಾಗಿ ಕೇಳ್ತೀನಿ. ನೀವು ಹೋಗೋದು ನನಗೆ ಇಷ್ಟ ಇಲ್ಲ. ಕೆಲಸ ಬಿಟ್ಟು ಇಲ್ಲಿರಿ ಅನ್ನೋ ಹಕ್ಕು ನನಗಿಲ್ಲ. ಮುಂದಿನ ಊರಿಗೆ ನಾನು ಬರಬಹುದಾ, ನಿಮ್ಮನ್ನ ನೋಡೋಕೆ?"

ಅವಳು ಬೆರಳ ಸಂದಿಯ ನೀಲಿಯನ್ನು ಉಗುರಿನಿಂದ ಕೆರೆದಳು. ಅದು ಹೋಗಲಿಲ್ಲ.

"ಭಾನುವಾರ ನಾನು ಗೋಡೆ ಮುಟ್ಟಲ್ಲ," ಎಂದಳು. "ಬಸ್ಸಿನಲ್ಲಿ ಮೂರು ಗಂಟೆ ದಾರಿ."

"ಯಾವ ಭಾನುವಾರ?"

ಕುರ್ಚಿಯಲ್ಲಿದ್ದ ತಾಯಿ ತಿರುಗಿ ನೋಡಲಿಲ್ಲ. ತಮ್ಮ ತಾಯಿಯ ಮುಖವನ್ನೇ ನೋಡುತ್ತ ಕೂತಿದ್ದರು.

"ಎಲ್ಲಾ ಭಾನುವಾರ," ಎಂದಳು ಅವಳು.